ಗಾಡಿ ಸ್ಟಾರ್ಟ್ ಆಗದಿದ್ದರೆ ಫ್ಯೂಯೆಲ್ ಪಂಪ್ ಸುಟ್ಟಿದೆ ಎಂದೇ ಅರ್ಥವೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಗಾಡಿಗಳ ಬಗ್ಗೆ ಸಂದೇಶಗಳ ಓಡಾಟ ಜೋರಾಗುತ್ತದೆ. ಬಿಸಿಲಿಗೆ ಟ್ಯಾಂಕ್ ಸಿಡಿಯುತ್ತದೆ, ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ ಎನ್ನುವುದು ಒಂದು. ಎಥೆನಾಲ್ ಬೆರೆಸಿದ ಪೆಟ್ರೋಲ್‌ನಿಂದ ಎಲ್ಲ ಗಾಡಿಗಳ ಫ್ಯೂಯೆಲ್ ಪಂಪ್ ಹೋಗುತ್ತಿದೆ ಎನ್ನುವುದು ಇನ್ನೊಂದು. ಮೂರನೆಯದು ವಿಡಿಯೊ ರೂಪದಲ್ಲಿ ಬರುತ್ತದೆ. ಪಂಪನ್ನು ಟ್ಯಾಂಕಿನಿಂದ ಹೊರತೆಗೆದು, ಎರಡು ವೈರ್ ಕಟ್ಟಿ ನೇರವಾಗಿ ಬ್ಯಾಟರಿಗೆ ಹಚ್ಚುವುದು. ತಿರುಗಿದರೆ ಪಂಪ್ ಚೆನ್ನಾಗಿದೆ, ತಿರುಗದಿದ್ದರೆ ಹೋಗಿದೆ, ಹೊಸದು ಹಾಕಿಸಿ. ನೋಡಲು ಬಲು ಸುಲಭ.

ಮೊದಲ ಎರಡು ಸಂದೇಶಗಳಿಂದ ಆಗುವ ನಷ್ಟ ಹೆಚ್ಚೆಂದರೆ ಗೊಂದಲ, ಸ್ವಲ್ಪ ಹಣ. ಮೂರನೆಯದು ಹಾಗಲ್ಲ. ಅದನ್ನು ನೋಡಿ ಮನೆಯಂಗಳದಲ್ಲಿ ಪ್ರಯೋಗ ಮಾಡಿದರೆ ಮೈ ಸುಟ್ಟುಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಅಷ್ಟು ಅಪಾಯ ಎದುರಿಸಿದರೂ ಗಾಡಿಯ ರೋಗ ಗೊತ್ತಾಗುವುದಿಲ್ಲ ಎನ್ನುವುದು ಇನ್ನೂ ದೊಡ್ಡ ವಿಪರ್ಯಾಸ. ಯಾಕೆಂದರೆ ಫ್ಯೂಯೆಲ್ ಪಂಪ್ ಕೆಲಸ ಮಾಡುತ್ತಿಲ್ಲ ಎಂದಾಗ ತಪ್ಪು ಪಂಪಿನದ್ದೇ ಆಗಿರಬೇಕೆಂದಿಲ್ಲ. ಅದಕ್ಕೆ ಕರೆಂಟ್ ತಲುಪಿಸುವ ಫ್ಯೂಸ್, ರಿಲೇ, ವೈರ್, ಕನೆಕ್ಟರ್, ಅರ್ತ್ ಇವುಗಳಲ್ಲಿ ಯಾವುದು ಕೆಟ್ಟರೂ ಪಂಪ್ ಸುಮ್ಮನಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಇದು ಬರೀ ತಿಳಿವಳಿಕೆಯ ಮಾತಲ್ಲ. ದೊಡ್ಡ ಆಸ್ಪತ್ರೆಯಿರಲಿ, ಕಂಪನಿಯ ಸರ್ವಿಸ್ ಸೆಂಟರ್ ಇರಲಿ, ಹೆಚ್ಚಿನದಕ್ಕೆಲ್ಲ ಕಲಬುರಗಿಗೇ ಹೋಗಬೇಕು. ಅದು ನಲವತ್ತು ಕಿಲೋಮೀಟರ್, ಅಫಜಲಪುರದಿಂದಾದರೆ ಅರವತ್ತರ ಹತ್ತಿರ. ನಡುದಾರಿಯಲ್ಲಿ, ಎರಡೂ ಬದಿಗೆ ತೊಗರಿ ಹೊಲ ಬಿಟ್ಟರೆ ಬೇರೇನೂ ಇಲ್ಲದ ಕಡೆ, ಗಾಡಿ ಬಂದ್ ಬಿದ್ದರೆ ಏನು ನೋಡಬೇಕು ಎಂದು ತಿಳಿದಿರುವುದು ಉಪಯೋಗಕ್ಕೆ ಬರುತ್ತದೆ. ಊರಿಗೆ ತಂದ ಮೇಲೆ 'ಪಂಪ್ ಹೋಗಿದೆ, ಸಾವಿರಗಟ್ಟಲೆ ಆಗುತ್ತದೆ' ಎಂಬ ಮಾತು ಕೇಳಿದಾಗ ಮರುಪ್ರಶ್ನೆ ಕೇಳುವುದಕ್ಕೂ ಬೇಕಾಗುತ್ತದೆ.

ಈ ಪಂಪ್ ಬಂದದ್ದು ಯಾವಾಗ?

ನಮ್ಮಲ್ಲಿ ಪಂಪ್ ಎಂದರೆ ಪೆಟ್ರೋಲ್ ಬಂಕ್ ಎಂದೇ ಅರ್ಥ. ಇಲ್ಲಿ ಹೇಳುತ್ತಿರುವುದು ಗಾಡಿಯ ಟ್ಯಾಂಕಿನೊಳಗೇ ಕೂತಿರುವ ಪುಟ್ಟ ಮೋಟಾರಿನ ಬಗ್ಗೆ. ಪೆಟ್ರೋಲ್ ಕಾರುಗಳಲ್ಲಿ ಇದು ಹಳೆಯ ಸಂಗತಿ. ಬೈಕ್, ಸ್ಕೂಟರ್‌ಗಳಲ್ಲಿ ಮಾತ್ರ ಹೊಸತು. ಹಿಂದಿನ ಬೈಕುಗಳಲ್ಲಿ ಟ್ಯಾಂಕ್ ಮೇಲಿರುತ್ತಿತ್ತು, ಕಾರ್ಬುರೇಟರ್ ಕೆಳಗೆ. ಕಾಕ್ ತಿರುಗಿಸಿದರೆ ಪೆಟ್ರೋಲ್ ತನ್ನಷ್ಟಕ್ಕೇ ಇಳಿಯುತ್ತಿತ್ತು, ಪಂಪಿನ ಅಗತ್ಯವೇ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಹುಪಾಲು ದ್ವಿಚಕ್ರ ವಾಹನಗಳು ಫ್ಯೂಯೆಲ್ ಇಂಜೆಕ್ಷನ್‌ಗೆ ಬದಲಾದವು. ಇಂಜೆಕ್ಟರ್ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸಬೇಕಾದರೆ ಹಿಂದಿನಿಂದ ಒತ್ತಡ ಬೇಕು, ಸುಮಾರು 3 ಬಾರ್. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ಪಟ್ಟು. ಆ ಒತ್ತಡ ಕೊಡುವುದೇ ಈ ಪಂಪ್.

ಇದರ ಪರಿಣಾಮ ಊರ ಗ್ಯಾರೇಜುಗಳಲ್ಲಿ ಕಾಣುತ್ತದೆ. ಇಪ್ಪತ್ತು ವರ್ಷ ಕಾರ್ಬುರೇಟರ್ ಬಿಚ್ಚಿ ತೊಳೆದ ಮಿಸ್ತ್ರಿಯ ಕೈಗೆ ಒಮ್ಮೆಲೇ ಸೆನ್ಸರ್, ಇಸಿಯು, ರಿಲೇಗಳ ಗಾಡಿ ಬಂತು. ಇಸಿಯು ಎಂದರೆ ಇಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್. ಕಂಪನಿಯ ತರಬೇತಿ ತಾಲ್ಲೂಕು ಕೇಂದ್ರದ ರಸ್ತೆಬದಿಯ ಗ್ಯಾರೇಜಿಗೆ ಬರುವುದಿಲ್ಲ. ಆ ಜಾಗವನ್ನು ವಿಡಿಯೊಗಳು ತುಂಬಿವೆ. ಹಾಗಾಗಿ ಮಿಸ್ತ್ರಿಯನ್ನು ದೂರುವುದು ನ್ಯಾಯವಲ್ಲ ಎಂದು ನಮಗನಿಸುತ್ತದೆ. ಭಾಗ ಬದಲಿಸಿ ನೋಡುವುದು ಅವರಿಗೆ ತಿಳಿದಿರುವ ಹತ್ತಿರದ ದಾರಿ. ಅದರ ಹಣ ಮಾತ್ರ ಗಿರಾಕಿಯ ಜೇಬಿನಿಂದ ಹೋಗುತ್ತದೆ.

ಪೆಟ್ರೋಲ್‌ನಲ್ಲಿ ಮುಳುಗಿದ ಮೋಟಾರಿಗೆ ಬೆಂಕಿ ಏಕೆ ಹತ್ತುವುದಿಲ್ಲ?

ಹೊರತೆಗೆದ ಪಂಪಿನ ವಿಡಿಯೊ ಏಕೆ ಅಪಾಯ ಎನ್ನುವುದು ಈ ಪ್ರಶ್ನೆಯಲ್ಲೇ ಇದೆ. ಪಂಪಿನ ಮೋಟಾರಿನಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್‌ಗಳಿರುತ್ತವೆ. ತಿರುಗುವಾಗ ಸಣ್ಣ ಕಿಡಿ ಬರುವುದು ಸಹಜ. ಆದರೂ ಟ್ಯಾಂಕಿನೊಳಗೆ ಏನೂ ಆಗುವುದಿಲ್ಲ. ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಗಾಳಿಯೊಂದಿಗೆ ಬೆರೆತ ಅದರ ಆವಿ. ಅದೂ ಹೇಗೆ ಬೆರೆತರೂ ಉರಿಯುವುದಿಲ್ಲ. ಗಾಳಿಯಲ್ಲಿ ಆವಿಯ ಪಾಲು ಹೆಚ್ಚುಕಡಿಮೆ ಶೇ 1.4ರಿಂದ ಶೇ 7.6ರ ನಡುವೆ ಇದ್ದರೆ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ಎಷ್ಟೋ ದಟ್ಟವಾಗಿರುತ್ತದೆ, ಉರಿಯಲು ಬೇಕಾದ ಆಮ್ಲಜನಕ ಸಾಲುವುದಿಲ್ಲ. ಪಂಪಿನ ಒಳಗಂತೂ ಬರೀ ದ್ರವವೇ.

ಅದೇ ಪಂಪನ್ನು ಹೊರಗೆ ತೆಗೆಯಿರಿ. ಮೈಯೆಲ್ಲ ಪೆಟ್ರೋಲ್ ತೊಟ್ಟಿಕ್ಕುತ್ತಿದೆ, ಸುತ್ತ ಬೇಕಾದಷ್ಟು ಗಾಳಿ ಇದೆ. ಆವಿ ತೆಳುವಾಗುತ್ತ ಹೋದಂತೆ ಎಲ್ಲೋ ಒಂದು ಕಡೆ ಸರಿಯಾಗಿ ಆ ಶೇ 1.4ರಿಂದ 7.6ರ ಮಿಶ್ರಣ ಸಿಕ್ಕೇ ಸಿಗುತ್ತದೆ. ಅಲ್ಲಿಗೆ ನೀವು ಬ್ಯಾಟರಿಯ ವೈರ್ ತಾಗಿಸುತ್ತೀರಿ. ವೈರಿನ ತುದಿಯಲ್ಲೊಂದು ಕಿಡಿ, ಬ್ರಷ್‌ನಲ್ಲೊಂದು ಕಿಡಿ. ಪಕ್ಕದಲ್ಲಿ ಬಾಯಿ ತೆರೆದ ಟ್ಯಾಂಕ್. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದರ ಕಥೆ ಏನಿರಬಹುದು, ಯೋಚಿಸಿ. ವಿಡಿಯೊದಲ್ಲಿ ಹತ್ತು ಸಲ ಏನೂ ಆಗದೆ ಇರಬಹುದು. ಹನ್ನೊಂದನೆಯ ಸಲದ ವಿಡಿಯೊವನ್ನು ಯಾರೂ ಹಾಕುವುದಿಲ್ಲ.

ಹಾಗಿದ್ದರೆ ಟ್ಯಾಂಕ್ ಬಿಸಿಲಿಗೆ ಸಿಡಿಯುತ್ತದೆ ಎನ್ನುವ ಸಂದೇಶ? ಅದು ಸುಳ್ಳು. ಕಿಡಿಯೇ ಇಲ್ಲದೆ ಬರೀ ಬಿಸಿಗೆ ಪೆಟ್ರೋಲ್ ಹೊತ್ತಿಕೊಳ್ಳಬೇಕಾದರೆ 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. 44 ಡಿಗ್ರಿಯ ಬಿಸಿಲೆಲ್ಲಿ, 250 ಎಲ್ಲಿ. ಕಂಪನಿ ಹೇಳಿದ ಮಿತಿಯವರೆಗೆ ಯಾವ ಕಾಲದಲ್ಲಾದರೂ ಇಂಧನ ತುಂಬಿಸಬಹುದು ಎಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ನಿಜ ಹೇಳಬೇಕೆಂದರೆ ಪಂಪಿನ ದೃಷ್ಟಿಯಿಂದ ಈ ಸಂದೇಶ ತಲೆಕೆಳಗಾಗಿದೆ. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಸಿಡಿಯುವ ಭಯಕ್ಕೆ ಐವತ್ತು ರೂಪಾಯಿಯಷ್ಟೇ ಹಾಕಿಸಿ, ಮೇ ತಿಂಗಳ ಮಧ್ಯಾಹ್ನ ರಿಸರ್ವ್‌ನಲ್ಲೇ ಗಾಡಿ ಓಡಿಸುವವರ ಪಂಪ್ ಬೇಗ ಸವೆಯುತ್ತದೆ.

ಮೊದಲು ಕಿವಿ, ಆಮೇಲೆ ಕೈ

ಇಂಜೆಕ್ಷನ್ ಗಾಡಿಯ ಕೀ ಆನ್ ಮಾಡಿ, ಸ್ಟಾರ್ಟ್ ಬಟನ್ ಒತ್ತದೆ ಟ್ಯಾಂಕಿನ ಹತ್ತಿರ ಕಿವಿಗೊಡಿ. ಎರಡು ಮೂರು ಸೆಕೆಂಡ್ 'ಗುಂಯ್' ಎಂಬ ಸದ್ದು ಬಂದು ನಿಲ್ಲಬೇಕು. ಕಾರಿನಲ್ಲಾದರೆ ಹಿಂದಿನ ಸೀಟಿನ ಕಡೆಯಿಂದ ಬರುತ್ತದೆ. ಇದು ಪಂಪ್ ಒತ್ತಡ ತುಂಬಿಕೊಳ್ಳುವ ಸದ್ದು. ಆಮೇಲೆ ಇಂಜಿನ್ ತಿರುಗದಿದ್ದರೆ ಇಸಿಯು ತಾನಾಗಿ ಪಂಪನ್ನು ನಿಲ್ಲಿಸುತ್ತದೆ. ಅಪಘಾತವಾದಾಗ ಪೆಟ್ರೋಲ್ ಹರಿಯುತ್ತಲೇ ಇರಬಾರದೆಂದು ಮಾಡಿದ ವ್ಯವಸ್ಥೆ ಅದು. ಸದ್ದು ನಿಂತಿತು ಎಂದ ಮಾತ್ರಕ್ಕೆ ಪಂಪ್ ಕೆಟ್ಟಿಲ್ಲ.

ಸದ್ದು ಸರಿಯಾಗಿ ಬಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ. ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು: ಪ್ಲಗ್, ಇಂಜೆಕ್ಟರ್, ಕಟ್ಟಿಕೊಂಡ ಫಿಲ್ಟರ್, ಅಥವಾ ಖಾಲಿ ಟ್ಯಾಂಕ್. ಕೊನೆಯದು ನಗೆಯ ಮಾತಲ್ಲ. ಮೀಟರಿನ ಮುಳ್ಳು ಸುಳ್ಳು ಹೇಳುವ ಗಾಡಿಗಳು ಬೇಕಾದಷ್ಟಿವೆ. ಸದ್ದು ಬರುತ್ತಿದೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ ಎಂದಾದರೆ ಇನ್ನೊಂದು ಸಾಧ್ಯತೆಯೂ ಇದೆ. ಹಿಂದೆ ಯಾರಾದರೂ ವೈರ್ ಕತ್ತರಿಸಿ ಜೋಡಿಸಿದ್ದು, ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಆಗ ಮೋಟಾರ್ ಉಲ್ಟಾ ತಿರುಗುತ್ತದೆ. ಸದ್ದು ಇರುತ್ತದೆ, ಒತ್ತಡ ಇರುವುದಿಲ್ಲ.

ಸದ್ದೇ ಇಲ್ಲ ಎಂದರೆ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಪುಕ್ಕಟೆ ಪರೀಕ್ಷೆಗಳನ್ನು ಮುಗಿಸಿ. ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಆಫ್ ಆಗಿದೆಯೇ? ಸೈಡ್ ಸ್ಟ್ಯಾಂಡ್ ಇಳಿದಿದೆಯೇ? ಬೈಕ್ ಈಗಷ್ಟೇ ಬಿದ್ದಿತ್ತೇ? ಗಾಡಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಇರುವ ಬೈಕ್ ಬಿದ್ದರೆ ಪಂಪ್ ಬಂದ್ ಆಗುತ್ತದೆ. ಎತ್ತಿ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಕೆಲವು ಕಾರುಗಳಲ್ಲೂ ಜೋರಾದ ಪೆಟ್ಟಿಗೆ ಪಂಪ್ ನಿಲ್ಲಿಸುವ ಸ್ವಿಚ್ ಇರುತ್ತದೆ.

ಆಮೇಲೆ ಬ್ಯಾಟರಿ. ಹಳೆಯ ಬೈಕಿನ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದೋ ತಳ್ಳಿಯೋ ಸ್ಟಾರ್ಟ್ ಮಾಡಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪಂಪ್, ಇಸಿಯು ಎರಡಕ್ಕೂ ಮೊದಲು ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಅರ್ಧ ಊರು ತಳ್ಳಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ತುಂಬಿದ 12 ವೋಲ್ಟ್ ಬ್ಯಾಟರಿ ನಿಂತ ಗಾಡಿಯಲ್ಲಿ 12.6ರ ಆಸುಪಾಸು ತೋರಿಸುತ್ತದೆ. ಅದು 12ಕ್ಕಿಂತ ಕೆಳಗಿದ್ದರೆ ಪಂಪಿನ ವಿಚಾರ ಬಿಟ್ಟು ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ.

12 ವೋಲ್ಟ್ ತೋರಿಸುವ ಮೀಟರ್ ಏಕೆ ಮೋಸ ಮಾಡುತ್ತದೆ

ಹೆಚ್ಚಿನ ಪಂಪುಗಳ ಹಣೆಬರಹ ನಿರ್ಧಾರವಾಗುವುದು ಈ ಹಂತದಲ್ಲಿ, ಅದೂ ತಪ್ಪಾಗಿ. ಮಿಸ್ತ್ರಿ ಪಂಪಿನ ಕನೆಕ್ಟರ್ ಬಿಚ್ಚಿ, ಮೀಟರ್ ಹಚ್ಚಿ ನೋಡುತ್ತಾರೆ. 12 ವೋಲ್ಟ್ ಬರುತ್ತಿದೆ. 'ಕರೆಂಟ್ ಬರ್ತಿದೆ, ಪಂಪ್ ತಿರುಗ್ತಿಲ್ಲ. ಅಂದ್ರೆ ಪಂಪೇ ಹೋಗಿದೆ' ಎಂಬ ತೀರ್ಮಾನ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ತಪ್ಪು.

ಹೊಲದ ಪೈಪಿನ ಉದಾಹರಣೆ ತೆಗೆದುಕೊಳ್ಳಿ. ಪೈಪಿನೊಳಗೆ ಕಸ ಸಿಕ್ಕಿ ಸೂಜಿಯಷ್ಟು ಸಂದಿ ಉಳಿದಿದೆ. ತುದಿಯ ವಾಲ್ವ್ ಮುಚ್ಚಿಟ್ಟು ಅಲ್ಲಿ ಒತ್ತಡದ ಮೀಟರ್ ಇಟ್ಟರೆ ಪೂರ್ತಿ ಒತ್ತಡವೇ ತೋರಿಸುತ್ತದೆ, ಏಕೆಂದರೆ ನೀರು ಹರಿಯುತ್ತಿಲ್ಲ. ವಾಲ್ವ್ ತೆರೆದ ಕೂಡಲೇ ಹನಿಹನಿ. ವೈರ್ ಕೂಡ ಹೀಗೆಯೇ. ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತು ಎಳೆಗಳ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಪಂಪ್ ಎಳೆಯುವುದು ಬೈಕಿನಲ್ಲಿ ಒಂದೆರಡು ಆಂಪಿಯರ್, ಕಾರಿನಲ್ಲಿ ನಾಲ್ಕೈದು ಅಥವಾ ಇನ್ನೂ ಹೆಚ್ಚು. ಆ ಹೊರೆ ಬಿದ್ದಾಗ ವೈರ್ ಕೈಕೊಡುತ್ತದೆ.

ಲೆಕ್ಕ ಹಾಕಿ ನೋಡೋಣ. ಹಸಿರು ತುಕ್ಕು ಹಿಡಿದ ಕನೆಕ್ಟರಿನಲ್ಲಿ ಬರೀ ಅರ್ಧ ಓಮ್ ಪ್ರತಿರೋಧ ಇದೆ ಎಂದುಕೊಳ್ಳಿ. 5 ಆಂಪಿಯರ್ ಎಳೆಯುವ ಕಾರಿನ ಪಂಪಿಗೆ ಅಲ್ಲಿ 0.5 ಗುಣಿಸು 5, ಅಂದರೆ 2.5 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12.5 ಇದ್ದರೆ ಪಂಪಿಗೆ ಸಿಗುವುದು 10. ಪಂಪ್ ತಿರುಗುತ್ತದೆ, ಆದರೆ ನಿಧಾನ. ಒತ್ತಡ ಏರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಓಡುವ ಗಾಡಿ ಏರು ಬಂದಾಗ, ಓವರ್‌ಟೇಕ್ ಮಾಡುವಾಗ ಎಳೆಯುವುದಿಲ್ಲ. ಸೋರಿದ ಆ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಕನೆಕ್ಟರಿನಲ್ಲೇ ಶಾಖವಾಗುತ್ತದೆ. ಅದಕ್ಕೇ ಇಂಥ ಕಡೆ ಪ್ಲಾಸ್ಟಿಕ್ ಕಂದಾಗಿ, ಕರಗಿದಂತೆ ಕಾಣುತ್ತದೆ. ಅದನ್ನು ಬಿಟ್ಟು ಹೊಸ ಪಂಪ್ ಹಾಕಿದರೆ ಕೆಲವು ದಿನ ಸರಿಯಾದಂತೆ ಅನಿಸಬಹುದು, ಬಿಚ್ಚಿ ಹಾಕುವಾಗ ಪಿನ್ ಉಜ್ಜಿ ತುಕ್ಕು ಸ್ವಲ್ಪ ಹೋಗಿರುತ್ತದೆ. ಆಮೇಲೆ ಅದೇ ರಾಗ.

ಹಾಗಾದರೆ ಪರೀಕ್ಷೆ ಹೇಗೆ? ಒಂದು ಬಲ್ಬ್ ಸಾಕು. ಕಾರಿಗೆ 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬ್, ಬೈಕಿಗೆ 10 ವ್ಯಾಟ್‌ನ ಇಂಡಿಕೇಟರ್ ಬಲ್ಬ್, ಎರಡು ತುಂಡು ವೈರ್. ಎಲ್‌ಇಡಿ ಬೇಡ, ಅದು ಮೀಟರಿನಂತೆಯೇ ಕಡಿಮೆ ಕರೆಂಟಿಗೂ ಬೆಳಗುತ್ತದೆ. ಬಯಲಿನಲ್ಲಿ, ಟ್ಯಾಂಕಿನ ಮುಚ್ಚಳ ಹಾಕಿಟ್ಟು, ಕೀ ಆಫ್ ಇರುವಾಗ ಪಂಪಿನ ಕನೆಕ್ಟರ್ ಬಿಚ್ಚಿ. ಪೆಟ್ರೋಲ್ ಪೈಪಿಗೆ ಕೈ ಹಾಕಬೇಡಿ, ಅದರಲ್ಲಿ ಒತ್ತಡ ಉಳಿದಿರುತ್ತದೆ. ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗಾಡಿಯ ಕಡೆಯಿಂದ ಬರುವ ಅರ್ಧಕ್ಕೆ, ಪಂಪಿನ ಎರಡು ಪಿನ್‌ಗಳ ನಡುವೆ ಬಲ್ಬ್ ಜೋಡಿಸಿ. ಕೆಲವು ಕನೆಕ್ಟರಿನಲ್ಲಿ ನಾಲ್ಕು ಪಿನ್ ಇರುತ್ತವೆ. ಉಳಿದವು ಪೆಟ್ರೋಲ್ ಮಟ್ಟ ತೋರಿಸುವವು. ಪಂಪಿನವು ಸಾಮಾನ್ಯವಾಗಿ ದಪ್ಪ ವೈರ್. ಗುರುತು ಸಿಗದಿದ್ದರೆ ಊಹೆಯ ಮೇಲೆ ಚುಚ್ಚಬೇಡಿ. ಎಲ್ಲ ಜೋಡಿಸಿ ದೂರ ಸರಿದ ಮೇಲೆ ಕೀ ಆನ್ ಮಾಡಿ.

ಬಲ್ಬ್ ಪ್ರಖರವಾಗಿ ಎರಡು ಮೂರು ಸೆಕೆಂಡ್ ಉರಿದು ಆರಿದರೆ ಗಾಡಿಯ ಕಡೆಯಿಂದ ಕರೆಂಟ್ ಸರಿಯಾಗಿ ಬರುತ್ತಿದೆ. ಆಗಲೂ ಪಂಪ್ ಮೌನವಾಗಿದ್ದರೆ ಪಂಪಿನ ಮೇಲೆ ಅನುಮಾನ ಪಡುವುದು ನ್ಯಾಯ. ಬಲ್ಬ್ ಮಂಕಾಗಿ ಉರಿದರೆ ದಾರಿಯಲ್ಲೆಲ್ಲೋ ಪ್ರತಿರೋಧವಿದೆ. ಉರಿಯಲೇ ಇಲ್ಲ ಎಂದರೆ ಪಂಪಿಗೆ ಕರೆಂಟೇ ಇಲ್ಲ, ಪಂಪ್ ಬದಲಿಸುವುದು ವ್ಯರ್ಥ.

ಮಲ್ಟಿಮೀಟರ್ ಇರುವವರು ಅದನ್ನೇ ಸರಿಯಾಗಿ ಬಳಸಬಹುದು. ಕನೆಕ್ಟರ್ ಬಿಚ್ಚದೆ, ಪಂಪ್ ಓಡುತ್ತಿರುವಾಗ, ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಪಂಪಿನ ಪ್ಲಸ್ ಪಿನ್‌ಗೂ ಹಿಡಿಯಬೇಕು. ಮೀಟರ್ ತೋರಿಸುವುದು ಆ ದಾರಿಯಲ್ಲಿ ಸೋರಿದ ವೋಲ್ಟೇಜ್. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, ಒಂದನ್ನು ದಾಟಿದರೆ ಹುಡುಕಲು ಶುರುಮಾಡಿ. ಹೊಸ ಕೆಲವು ಕಾರುಗಳಲ್ಲಿ ಪಂಪಿನ ವೇಗವನ್ನು ಬೇರೊಂದು ಮಾಡ್ಯೂಲ್ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಅಂಥವುಗಳಲ್ಲಿ ಈ ಲೆಕ್ಕವೂ ಬಲ್ಬ್ ಪರೀಕ್ಷೆಯೂ ಸರಿಹೊಂದುವುದಿಲ್ಲ, ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬೇಕು.

ಎಲ್ಲರೂ ಮರೆಯುವ ಅರ್ತ್

ಕರೆಂಟ್ ಹೋದರೆ ಸಾಲದು, ಮರಳಿ ಬರಬೇಕು. ಪಂಪಿನಿಂದ ಬ್ಯಾಟರಿಯ ಮೈನಸ್‌ಗೆ ಹೋಗುವ ದಾರಿಯೇ ಅರ್ತ್. ಕಾರುಗಳಲ್ಲಿ ಇದು ಸಾಮಾನ್ಯವಾಗಿ ಬಾಡಿಗೆ ಬೋಲ್ಟ್ ಹಾಕಿದ ವೈರ್. ಬೋಲ್ಟಿನ ಕೆಳಗೆ ತುಕ್ಕು, ಮಣ್ಣು, ಅಥವಾ ಟಿಂಕರಿಂಗ್ ಮಾಡಿದಾಗ ಬಳಿದ ಬಣ್ಣ ಇದ್ದರೆ ಪಂಪ್ ಸೊರಗುತ್ತದೆ. ಎರಡು ಪಿನ್‌ಗಳ ನಡುವೆ ಬಲ್ಬ್ ಉರಿಯದಿದ್ದಾಗ ಅದರ ಒಂದು ತುದಿಯನ್ನು ಪ್ಲಸ್ ಪಿನ್ನಿನಲ್ಲೇ ಬಿಟ್ಟು ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಜೋಡಿಸಿ. ಈಗ ಉರಿದರೆ ತಪ್ಪು ಅರ್ತ್ ಕಡೆ. ಬೋಲ್ಟ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿಯುವುದಕ್ಕೆ ಹತ್ತು ನಿಮಿಷ ಸಾಕು.

ಬೈಕುಗಳಲ್ಲಿ ಒಂದು ಎಚ್ಚರ. ಹಲವು ಮಾದರಿಗಳಲ್ಲಿ ಪಂಪಿನ ಮೈನಸ್ ವೈರ್ ನೇರ ಬಾಡಿಗೆ ಹೋಗದೆ ಇಸಿಯುಗೆ ಹೋಗುತ್ತದೆ. ಇಸಿಯುವೇ ಅದನ್ನು ಬೇಕಾದಾಗ ಅರ್ತ್ ಮಾಡುತ್ತದೆ. 'ಅರ್ತ್ ಇಲ್ಲ' ಎಂದು ಅಂದಾಜಿನಲ್ಲಿ ಹೊಸ ವೈರ್ ಎಳೆದರೆ ಕೀ ಆನ್ ಇರುವಷ್ಟು ಹೊತ್ತೂ ಪಂಪ್ ಓಡುತ್ತಲೇ ಇರುತ್ತದೆ. ಬಿದ್ದಾಗ ಪಂಪ್ ನಿಲ್ಲಿಸುವ ರಕ್ಷಣೆ ಅಲ್ಲಿಗೆ ಮುಗಿಯಿತು. ಗಾಡಿಯ ವೈರಿಂಗ್ ನಕ್ಷೆ ನೋಡದೆ ಈ ಕೆಲಸಕ್ಕೆ ಇಳಿಯಬಾರದು.

ರಿಲೇ ಮತ್ತು ಫ್ಯೂಸ್ ವಿಷಯ ಇಷ್ಟು ಉದ್ದವಿಲ್ಲ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. 85, 86 ಸಂಖ್ಯೆಯ ಕಾಲುಗಳು ಸುರುಳಿಗೆ, 30 ಮತ್ತು 87 ಕಾಲುಗಳು ಮುಖ್ಯ ಕರೆಂಟಿಗೆ. 'ಟಕ್' ಎಂದು ಸದ್ದು ಬಂದರೆ ರಿಲೇ ಸರಿಯಿದೆ ಎಂದು ಹೇಳುವವರಿದ್ದಾರೆ. ಆ ಸದ್ದು ಸುರುಳಿಯದ್ದು. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಟಕ್ ಎನ್ನುತ್ತದೆ. ಅದೇ ಪೆಟ್ಟಿಗೆಯಲ್ಲಿ ಹಾರ್ನ್‌ಗೋ ಫ್ಯಾನ್‌ಗೋ ಇರುವ, ಅದೇ ನಂಬರಿನ ರಿಲೇ ತೆಗೆದು ಇಲ್ಲಿ ಹಾಕಿ ನೋಡುವುದು ಸುಲಭ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದನ್ನೇ ಹಾಕಿ. ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಬೇಡಿ. ಹೊಸ ಫ್ಯೂಸೂ ಹೋದರೆ ಎಲ್ಲೋ ಶಾರ್ಟ್ ಇದೆ. ಬೆಳ್ಳಿ ಕಾಗದ ಹಾಕಿದರೆ ಅದರ ಬದಲು ವೈರ್ ಉರಿಯುತ್ತದೆ, ಆ ವೈರ್ ಹೋಗುವುದು ಟ್ಯಾಂಕಿನ ಕಡೆಗೆ.

ನಮ್ಮ ಕಡೆಯ ಕಾರಣಗಳು

ಭೀಮಾ ನದಿಯ ದಂಡೆಯ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ 2020ರ ಅಕ್ಟೋಬರ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲೂ ಪ್ರವಾಹ ಬಂದದ್ದು ಎಲ್ಲರಿಗೂ ನೆನಪಿದೆ. ನೀರಿನಲ್ಲಿ ನಿಂತ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗೆ ಹೊಳೆಯುತ್ತದೆ. ಕನೆಕ್ಟರಿನೊಳಗೆ ಕೂತ ಎರೆಮಣ್ಣಿನ ಕೆಸರು ಅಷ್ಟು ಬೇಗ ಒಣಗುವುದಿಲ್ಲ. ಅದು ತೇವ ಹಿಡಿದಿಟ್ಟುಕೊಂಡು ತಾಮ್ರದ ಪಿನ್ನನ್ನು ನಿಧಾನವಾಗಿ ತಿನ್ನುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ, ನೀರಿನ ಸಂಬಂಧವೇ ಮರೆತುಹೋದ ಮೇಲೆ. ಅಂಥ ಗಾಡಿ ನಿಮ್ಮದಾಗಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ಕೊಂಡದ್ದಾಗಿದ್ದರೆ, ಪಂಪಿನ ಕನೆಕ್ಟರನ್ನು ಮೊದಲು ಬಿಚ್ಚಿ ನೋಡಲು ಹೇಳಿ.

ತೊಗರಿ, ಜೋಳ ಇಟ್ಟ ಪಡಸಾಲೆಯ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿ ಇನ್ನೊಂದು ಕಾರಣ. ಮೂರನೆಯದು ನಾವೇ ಮಾಡಿಕೊಂಡದ್ದು: ಪ್ರೆಶರ್ ಹಾರ್ನ್, ಹೆಚ್ಚುವರಿ ಎಲ್‌ಇಡಿ ಲೈಟ್, ಮೊಬೈಲ್ ಚಾರ್ಜರ್. ಇವಕ್ಕೆ ಕೀ ಆನ್ ಆದಾಗ ಕರೆಂಟ್ ಬರುವ ಯಾವುದೋ ವೈರ್ ಬೇಕು. ಹಾಕುವವರು ಕೈಗೆ ಸಿಕ್ಕಿದ್ದನ್ನು ಸುಲಿದು, ಸುತ್ತಿ, ಟೇಪ್ ಹಚ್ಚುತ್ತಾರೆ. ಅದು ಇಸಿಯು ಅಥವಾ ಪಂಪಿನ ವೈರ್ ಆಗಿದ್ದರೆ ಹಾರ್ನ್ ಹೊಡೆದಾಗಲೆಲ್ಲ ಪಂಪಿನ ಪಾಲಿನ ಕರೆಂಟ್ ಹಂಚಿಹೋಗುತ್ತದೆ. ಗಾಡಿ ಬಂದ್ ಬೀಳಲು ಶುರುವಾದದ್ದು ಏನನ್ನಾದರೂ ಹೊಸದಾಗಿ ಹಾಕಿಸಿದ ಮೇಲೆಯೇ ಎಂದು ನೆನಪಿಸಿಕೊಳ್ಳಿ.

ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು. ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಇಂಥ ಎಲೆಕ್ಟ್ರಿಕ್ ಪಂಪ್ ಇರುವುದಿಲ್ಲ, ಇಂಜಿನ್ ಜೊತೆ ತಿರುಗುವ ಪಂಪ್ ಇರುತ್ತದೆ. ಅಲ್ಲಿ 'ಏರ್ ಹಿಡಿದಿದೆ' ಎನ್ನುವುದು ನಿಜವಾದ ಕಾಯಿಲೆ. ಅದೇ ಮಾತನ್ನು ಪೆಟ್ರೋಲ್ ಬೈಕಿಗೆ ಅನ್ವಯಿಸಿ ಪೈಪ್ ಬಿಚ್ಚಿ ಊದುವುದು ಬೇಡ.

ಬೆಳಿಗ್ಗೆ ಸರಿ, ಮಧ್ಯಾಹ್ನ ಬಂದ್

ಅತಿ ಹೆಚ್ಚು ತಲೆ ತಿನ್ನುವ ಕಾಯಿಲೆ ಇದು. ಜೇವರ್ಗಿಯಿಂದ ಬೆಳಿಗ್ಗೆ ಕಲಬುರಗಿಗೆ ಹೋದ ಗಾಡಿಗೆ ಏನೂ ಆಗಿಲ್ಲ. ಮಧ್ಯಾಹ್ನ ಎರಡಕ್ಕೆ ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಎಳೆಯುವುದು ನಿಲ್ಲಿಸಿ ಬಂದ್ ಬೀಳುತ್ತದೆ. ಬೇವಿನ ಮರದ ಕೆಳಗೆ ಒಂದು ಗಂಟೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸರಿಯಾಗಿಯೇ ಇರುತ್ತದೆ.

ಬಿಸಿಗೂ ಇದಕ್ಕೂ ಸಂಬಂಧವಿದೆ. ತಾಮ್ರ ಬಿಸಿಯಾದಂತೆ ಅದರ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಹೆಚ್ಚುತ್ತದೆ. 50 ಡಿಗ್ರಿ ಏರಿದರೆ ಶೇ 20. ಸವೆದ ಬ್ರಷ್, ಸಡಿಲವಾದ ಪಿನ್, ಬಿರುಕು ಬಿಟ್ಟ ಬೆಸುಗೆ ಇವೆಲ್ಲ ಬಿಸಿಗೆ ಹಿಗ್ಗಿದಾಗ ಸಂಪರ್ಕ ಬಿಡುತ್ತವೆ. ಆದ್ದರಿಂದ ತಪ್ಪು ಪಂಪಿನದ್ದೂ ಇರಬಹುದು, ರಿಲೇಯದ್ದೂ ಇರಬಹುದು. ಬಂದ್ ಬಿದ್ದ ಗಳಿಗೆಯಲ್ಲೇ ನೋಡದಿದ್ದರೆ ಬೇರ್ಪಡಿಸುವುದು ಕಷ್ಟ.

ಅನುಭವಿ ವೈರಿಂಗ್ ಮಿಸ್ತ್ರಿಗಳು ಇದಕ್ಕೊಂದು ಉಪಾಯ ಮಾಡುತ್ತಾರೆ. ಪಂಪಿನ ಎರಡು ವೈರ್‌ಗಳಿಗೆ ಸಮಾನಾಂತರವಾಗಿ ಸಣ್ಣ ಬಲ್ಬ್ ಜೋಡಿಸಿ, ಓಡಿಸುವವರ ಕಣ್ಣಿಗೆ ಕಾಣುವಂತೆ ಕಟ್ಟುತ್ತಾರೆ. ಗಾಡಿ ಎಳೆಯುವುದು ಕಡಿಮೆಯಾಗುತ್ತಿರುವಾಗ ಬಲ್ಬ್ ಪ್ರಖರವಾಗಿಯೇ ಇದ್ದರೆ ಕರೆಂಟ್ ಇದೆ, ಪಂಪ್ ಸೋಲುತ್ತಿದೆ. ಬಲ್ಬೂ ಮಂಕಾದರೆ ಪಂಪ್ ನಿರಪರಾಧಿ. ಇಂಜಿನ್ ಪೂರ್ತಿ ನಿಂತ ಮೇಲೆ ನೋಡಿ ಪ್ರಯೋಜನವಿಲ್ಲ, ಆಗ ಇಸಿಯು ತಾನೇ ಪಂಪಿನ ಕರೆಂಟ್ ತೆಗೆದಿರುತ್ತದೆ. ಓಡಿಸುವವರ ಗಮನ ರಸ್ತೆಯ ಮೇಲಿರಲಿ, ಬಲ್ಬ್ ನೋಡಲು ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ.

ಸ್ಕ್ಯಾನರ್ ಹಚ್ಚಿದಾಗ ಪಿ0230 ಎಂಬ ಕೋಡ್ ಬಂದರೆ ಅದನ್ನು 'ಪಂಪ್ ಹೋಗಿದೆ' ಎಂದು ಓದುವುದು ತಪ್ಪು. ಅದು ಪಂಪಿನ ಸರ್ಕಿಟ್‌ನಲ್ಲಿ ದೋಷವಿದೆ ಎನ್ನುತ್ತದೆ. ಸರ್ಕಿಟ್ ಎಂದರೆ ಮೇಲೆ ಹೇಳಿದ ಎಲ್ಲವೂ.

ಎಥೆನಾಲ್ ಮತ್ತು ನಿಜವಾಗಿ ಕೆಟ್ಟ ಪಂಪುಗಳು

ಕಬ್ಬು ಬೆಳೆಯುವ ಈ ತಾಲ್ಲೂಕುಗಳಲ್ಲಿ ಎಥೆನಾಲ್ ಬಗ್ಗೆ ಮಾತಾಡುವುದು ಸ್ವಲ್ಪ ಸೂಕ್ಷ್ಮ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಪಂಪಿಗೆ ಏನೂ ಮಾಡುವುದಿಲ್ಲ ಎನ್ನುವುದೂ ಸರಿಯಲ್ಲ, ಎಲ್ಲ ಪಂಪುಗಳನ್ನೂ ಸುಡುತ್ತಿದೆ ಎನ್ನುವುದೂ ಸರಿಯಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ ತುಕ್ಕಿಗೆ ದಾರಿಯಾಗುತ್ತದೆ. ಹಳೆಯ ಕೆಲವು ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತ್ತು. ಆದರೆ ನಿಮ್ಮ ಪಂಪಿಗೆ 12ರ ಬದಲು 10 ವೋಲ್ಟ್ ಹೋಗುತ್ತಿದ್ದರೆ ಅದಕ್ಕೆ ಎಥೆನಾಲ್ ಕಾರಣವಲ್ಲ. ಬಲ್ಬ್ ಪರೀಕ್ಷೆ ಮಾಡದೆ ಪೆಟ್ರೋಲನ್ನು ದೂರುವುದು ಜ್ವರ ನೋಡದೆ ಔಷಧಿ ಕೊಟ್ಟಂತೆ.

ಪಂಪೇ ಕೆಟ್ಟಿರುವುದೂ ಉಂಟು, ಕೆಲವೊಮ್ಮೆ ಕಾರ್ಖಾನೆಯಿಂದಲೇ. ಮಾರುತಿ ಸುಜುಕಿ 2020ರ ಜುಲೈನಲ್ಲಿ ಫ್ಯೂಯೆಲ್ ಪಂಪ್ ದೋಷದ ಅನುಮಾನದಿಂದ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. 2024ರ ಮಾರ್ಚ್‌ನಲ್ಲಿ ಅದೇ ಎರಡು ಮಾದರಿಗಳ, 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದ ಇನ್ನೂ 16,041 ಕಾರುಗಳನ್ನು ಪಂಪಿನ ಮೋಟಾರಿನ ದೋಷಕ್ಕಾಗಿ ಕರೆಸಿತು. ಹೋಂಡಾ ಕಾರ್ಸ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ 90,000ಕ್ಕೂ ಹೆಚ್ಚು ಹಳೆಯ ಕಾರುಗಳ ಪಂಪ್ ಬದಲಿಸುವುದಾಗಿ ಪ್ರಕಟಿಸಿತು. ಅಲ್ಲಿ ದೋಷ ಇದ್ದದ್ದು ಪೆಟ್ರೋಲನ್ನು ತಳ್ಳುವ ಪುಟ್ಟ ಚಕ್ರದಲ್ಲಿ.

ಇಂಥ ಪಟ್ಟಿಯಲ್ಲಿರುವ ಕಾರಿಗೆ ಕಂಪನಿ ಪುಕ್ಕಟೆಯಾಗಿ ಪಂಪ್ ಹಾಕಿಕೊಡುತ್ತದೆ. ಕಾರು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಕಂಪನಿಯ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲು, ಅಥವಾ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಲು ಐದು ನಿಮಿಷ ಹಿಡಿಯುತ್ತದೆ. ಪಂಪಿಗೆ ದುಡ್ಡು ಕೊಡುವ ಮುನ್ನ ಈ ಐದು ನಿಮಿಷ, ಆ ಬಲ್ಬಿನ ಹತ್ತು ನಿಮಿಷ. ಆಮೇಲೂ ಪಂಪ್ ಬದಲಿಸಲೇಬೇಕೆಂದಾದರೆ ಬದಲಿಸಿ, ಹಳೆಯ ಪಂಪನ್ನು ಕೇಳಿ ಪಡೆದುಕೊಳ್ಳಿ. ಮನೆಗೆ ತಂದು ಬ್ಯಾಟರಿಗೆ ಹಚ್ಚಿ ಮಾತ್ರ ನೋಡಬೇಡಿ.